ಚಹದಲ್ಲಿ ಸುಗಂಧ: ಬೆರಕೆಯೋ, ಸಂಸ್ಕಾರವೋ?

ಚಹದ ರುಚಿಯನ್ನು ಬಲ್ಲವರೆನಿಸಿಕೊಂಡವರಲ್ಲಿ ಒಂದು ಮಾತು ಬಹುಕಾಲದಿಂದ ನಡೆದುಬಂದಿರುವುದು. ಉತ್ತಮವಾದ ಚಹಕ್ಕೆ ಎಲೆ, ನೀರು ಇವೆರಡೇ ಸಾಕು. ಅದಕ್ಕೆ ಶುಂಠಿಯನ್ನೋ ಏಲಕ್ಕಿಯನ್ನೋ ಹೂವನ್ನೋ ಕೂಡಿಸುವುದು ರುಚಿಗೆಟ್ಟವರ ನಡೆವಳಿಕೆ. ಪೂರ್ವಿಕರು ಕುಡಿದುದು ಶುದ್ಧವಾದ ಚಹ, ಈಗಿನವರು ಕುಡಿಯುವುದು ಬೆರಕೆಯ ಚಹ ಎಂಬುದೇ ಆ ಮಾತು. ಕೇಳುವುದಕ್ಕೆ ಇದು ಸೊಗಸಾಗಿಯೇ ಇದೆ. ಆದರೆ ಇತಿಹಾಸವನ್ನು ತೆರೆದು ನೋಡಿದರೆ ಸಂಗತಿಯು ತಲೆಕೆಳಗಾಗಿ ಕಾಣುವುದು. ಬೆರಕೆಯೇ ಮೊದಲಿನದು; ಶುದ್ಧಿಯ ವಾದವು ಅದರ ಬೆನ್ನಲ್ಲಿ ಹುಟ್ಟಿದುದು. ಹೀಗೆ ಹುಟ್ಟಿದ ಜಗಳವು ಸಾವಿರದ ಇನ್ನೂರು ವರ್ಷಗಳಿಂದ ನಡೆಯುತ್ತಲಿದೆ. ಅದರಲ್ಲಿ ನಾಲಗೆಯ ಪ್ರಶ್ನೆ ಎಷ್ಟಿದೆಯೋ ಬಡವ-ಬಲ್ಲಿದರ ಪ್ರಶ್ನೆಯೂ ಅಷ್ಟೇ ಇದೆ.

ಚಹದ ತವರು ಚೀನಾ ದೇಶದ ನೈಋತ್ಯದ ಗುಡ್ಡಗಾಡು. ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಟಾಂಗ್ ರಾಜವಂಶದ ಆಳಿಕೆಯಲ್ಲಿ, ಲು ಯು ಎಂಬ ವಿದ್ವಾಂಸನು ‘ಚಾ ಚಿಂಗ್’, ಎಂದರೆ ಚಹದ ಶಾಸ್ತ್ರವೆಂಬ ಗ್ರಂಥವನ್ನು ರಚಿಸಿದನು. ಚಹವೊಂದನ್ನೇ ವಿಷಯವಾಗಿ ಉಳ್ಳ ಗ್ರಂಥಗಳಲ್ಲಿ ಉಳಿದುಬಂದಿರುವ ಪೈಕಿ ಇದೇ ಆದಿಯದು. ತನಗಿಂತ ಹಿಂದಿನ ನಿಘಂಟೊಂದರದೆಂದು ಅವನು ಎತ್ತಿಕೊಟ್ಟಿರುವ ವಿವರಣೆಯಂತೆ, ಆ ಸೀಮೆಯ ಜನರು ಎಲೆಯನ್ನು ಬಿಲ್ಲೆಗಳಾಗಿ ತಟ್ಟಿಡುತ್ತಿದ್ದರು; ಎಲೆಯು ಬಲಿತುದಾದರೆ ಅಕ್ಕಿಯ ಗಂಜಿಯನ್ನು ಸೇರಿಸಿ ಅಂಟಿಸುತ್ತಿದ್ದರು. ಕುಡಿಯುವ ಹೊತ್ತಿಗೆ ಬಿಲ್ಲೆಯನ್ನು ಕೆಂಪಗೆ ಕಾಯಿಸಿ, ಕುಟ್ಟಿ, ಪಾತ್ರೆಯಲ್ಲಿಟ್ಟು, ಕುದಿನೀರನ್ನು ಹೊಯ್ದು, ಅದರೊಳಕ್ಕೆ ಈರುಳ್ಳಿ, ಶುಂಠಿ, ಕಿತ್ತಳೆಗಳನ್ನು ಹಾಕುತ್ತಿದ್ದರು. ನಮ್ಮ ಮನೆಗಳ ಕಷಾಯಕ್ಕೂ ಸಾರಿಗೂ ನಡುವಣ ಒಂದು ಪದಾರ್ಥವದು. ಅದನ್ನು ಪಾನವೆನ್ನಬೇಕೋ ಊಟವೆನ್ನಬೇಕೋ ಹೇಳುವುದು ಕಷ್ಟ.

ಲು ಯುವಿಗೆ ಈ ಪದ್ಧತಿಯು ಸ್ವಲ್ಪವೂ ಹಿಡಿಸಲಿಲ್ಲ. ಈರುಳ್ಳಿ, ಶುಂಠಿ, ಎಲಚಿಯ ಹಣ್ಣು, ಕಿತ್ತಳೆಯ ಸಿಪ್ಪೆ, ಪುದೀನ ಮೊದಲಾದುವುಗಳೊಡನೆ ನೂರಾರು ಸಲ ಕುದಿಸಿದ ಚಹವು ಚರಂಡಿಗೆ ಚೆಲ್ಲುವ ನೀರಿಗೆ ಸಮಾನವೆಂದು ಅವನು ಬೈದು, ಇಷ್ಟಾದರೂ ಲೋಕವು ಈ ರೂಢಿಯನ್ನು ಬಿಡದಲ್ಲಾ ಎಂದು ಮರುಗಿರುವನು. ಬೈಗಳಿಗಿಂತಲೂ ಈ ಮರುಕವೇ ಚರಿತ್ರಕಾರನಿಗೆ ಬೆಲೆಯುಳ್ಳದ್ದು. ಮನೆಮನೆಯಲ್ಲಿ ಜನರು ಏನನ್ನು ಕುಡಿಯುತ್ತಿದ್ದರೆಂಬುದಕ್ಕೆ ಅದೇ ಸಾಕ್ಷಿ. ಇನ್ನೊಂದು ವಿನೋದವನ್ನೂ ಇಲ್ಲಿ ಹೇಳಬೇಕು. ಇಷ್ಟು ಶುದ್ಧಿಯನ್ನು ಬೋಧಿಸಿದ ಲು ಯು ತನ್ನ ಚಹಕ್ಕೆ ಉಪ್ಪನ್ನು ಹಾಕುತ್ತಿದ್ದನು! ನೀರು ಮೊದಲ ಕುದಿಗೆ ಬಂದಾಗ, ಮೀನಿನ ಕಣ್ಣಿನಷ್ಟು ಗುಳ್ಳೆಗಳು ಏಳುವಾಗ, ತಕ್ಕಷ್ಟು ಉಪ್ಪನ್ನು ಬೆರೆಸಬೇಕೆಂಬುದು ಅವನದೇ ವಿಧಿ. ಮೂರು ನೂರು ವರ್ಷಗಳಾದ ಮೇಲೆ ಸೋಂಗ್ ಕಾಲದ ಮಹಾಕವಿ ಸು ಶಿ (1037-1101) ಈ ವಿಷಯವನ್ನು ಮತ್ತೆ ಎತ್ತಿದನು. ಶುಂಠಿಯನ್ನೂ ಉಪ್ಪನ್ನೂ ಚಹಕ್ಕೆ ಹಾಕುವವರನ್ನು ಕಂಡು ತನ್ನ ಕಾಲದವರು ನಗುವರೆಂದು ಹೇಳಿ, ಮಧ್ಯಮ ತರಗತಿಯ ಚಹಕ್ಕೆ ಶುಂಠಿಯು ಹಿತವೇ, ಉಪ್ಪು ಮಾತ್ರ ಕೂಡದು ಎಂದು ತೀರ್ಪುಕೊಟ್ಟನು. ಒಬ್ಬ ಆಚಾರ್ಯನ ಶಾಸ್ತ್ರವು ಇನ್ನೊಬ್ಬನ ಕಾಲಕ್ಕೆ ನಗೆಗೀಡಾಯಿತು. ಶುದ್ಧಿಯ ಗೆರೆಯು ಎಳೆದಲ್ಲಿ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಮಧ್ಯಮ ತರಗತಿಯ ಚಹಕ್ಕೆ ಎಂಬ ಸು ಶಿಯ ಮಾತನ್ನು ಗಮನಿಸಬೇಕು. ಬೆರಕೆಯು ಬಡವರ ರೂಢಿ, ಶುದ್ಧವಾದ ಎಲೆಯು ಸಿರಿವಂತರ ಭೋಗ ಎಂಬ ಭಾವನೆಯು ಅದರಲ್ಲಿ ಅಡಗಿದೆ. ಆದರೆ ಚಕ್ರವರ್ತಿಯ ಬಟ್ಟಲಿನಲ್ಲಿಯೂ ಬೆರಕೆಯು ಇದ್ದೇ ಇತ್ತು. ಫೂಕಿಯೆನ್ ಪ್ರಾಂತದಿಂದ ಅರಮನೆಗೆ ಕಾಣಿಕೆಯಾಗಿ ಹೋಗುತ್ತಿದ್ದ ಚಹಕ್ಕೆ ಪರಿಮಳವನ್ನು ಹೆಚ್ಚಿಸಲು ಸ್ವಲ್ಪ ಕರ್ಪೂರವನ್ನು ಬೆರೆಸುತ್ತಿದ್ದರೆಂದು ಸು ಶಿಗಿಂತ ಹಿರಿಯನಾದ ಅಧಿಕಾರಿ ತ್ಸಾಯ್ ಶ್ಯಾಂಗನು 1050ರ ಸುಮಾರಿನಲ್ಲಿ ಬರೆದ ಚಹದ ಪುಸ್ತಕದಲ್ಲಿ ಹೇಳಿರುವನು. ಆ ಕರ್ಪೂರವು ಬೆಳಗುವ ಕರ್ಪೂರವಲ್ಲ. ಪಾಯಸಕ್ಕೂ ಲಾಡುವಿಗೂ ನಮ್ಮವರು ಚಿಟಿಕೆಯಷ್ಟು ಹಾಕುವ ಪಚ್ಚಕರ್ಪೂರದ ಜಾತಿಯದು. ಚಹಕ್ಕೆ ತನ್ನದೇ ಆದ ನಿಜವಾದ ಪರಿಮಳವಿದೆ, ಕರ್ಪೂರವು ಅದನ್ನು ಕಸಿದುಕೊಳ್ಳುವುದು. ಆದುದರಿಂದಲೇ ಚಹವನ್ನು ಬೆಳೆಯುವ ಊರಿನವರು ತಾವು ರುಚಿನೋಡುವಾಗ ಅದನ್ನು ಸೇರಿಸುವುದಿಲ್ಲ ಎಂಬುದು ಅವನ ಆಕ್ಷೇಪಣೆ. ಅರಮನೆಯವರಿಗೆ ಕರ್ಪೂರದ ಚಹ, ತೋಟದವರಿಗೆ ಬರಿಯ ಎಲೆಯ ಚಹ!

1391ರಲ್ಲಿ ಮಿಂಗ್ ವಂಶದ ಮೊದಲನೆಯ ಚಕ್ರವರ್ತಿಯು ಬಿಲ್ಲೆಯ ಚಹದ ಕಾಣಿಕೆಯನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕಳುಹಿಸಬೇಕೆಂದು ಆಜ್ಞೆಮಾಡಿದನು. ಬಿಲ್ಲೆ ಹೋಗಿ ಬಿಡಿ ಎಲೆ ಬಂದುದರಿಂದ ಸುಗಂಧದ ವಿಧಾನವೂ ಬೇರೆಯಾಯಿತು. ಒಣಗಿದ ಚಹದ ಎಲೆಯು ಬಳಿಯಲ್ಲಿರುವ ವಾಸನೆಯನ್ನು ಬೇಗನೆ ಹೀರಿಕೊಳ್ಳುವುದು. ಹಿಂಗಿನ ಡಬ್ಬಿಯ ಪಕ್ಕದಲ್ಲಿ ಚಹದ ಪೊಟ್ಟಣವನ್ನು ಮರೆತ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ದೋಷವನ್ನೇ ಗುಣವಾಗಿ ಮಾಡಿಕೊಂಡವರು ಚೀನೀಯರು. ಹದಿನಾಲ್ಕನೆಯ ಶತಮಾನದ ಚಿತ್ರಕಾರನಾದ ನೀ ತ್ಸಾನ್ ಎಂಬವನದೆಂದು ಹೆಸರಾದ ತಾವರೆಯ ಚಹದ ವಿಧಾನವು ಹೀಗಿದೆ. ಅರೆಬಿರಿದ ತಾವರೆಯೊಳಗೆ ಒಂದು ಹಿಡಿ ಚಹವನ್ನು ತುಂಬಿ, ನಾರಿನ ದಾರದಿಂದ ಸಡಿಲವಾಗಿ ಕಟ್ಟಿ, ಒಂದು ರಾತ್ರಿ ಬಿಡುವುದು. ಬೆಳಿಗ್ಗೆ ಎಲೆಯನ್ನು ಹೊರಕ್ಕೆ ಸುರಿದು, ಕಾಗದದಲ್ಲಿ ಕಟ್ಟಿ ಒಣಗಿಸುವುದು. ಬೇರೆ ಹೂಗಳಲ್ಲಿ ಮತ್ತೆ ಮತ್ತೆ ಹೀಗೆಯೇ ಮಾಡಿ ಎತ್ತಿಡುವುದು. ಹದಿನಾರನೆಯ ಶತಮಾನದ ಚಹದ ಪುಸ್ತಕವೊಂದರಲ್ಲಿ ಮಲ್ಲಿಗೆ, ಗುಲಾಬಿ, ಕಿತ್ತಳೆಯ ಹೂ ಮೊದಲಾದುವುಗಳನ್ನೆಲ್ಲ ಇದಕ್ಕೆ ಬಳಸಬಹುದೆಂದು ಹೇಳಿದೆ. ಪ್ರಮಾಣವು ಮೂರು ಭಾಗ ಎಲೆಗೆ ಒಂದು ಭಾಗ ಹೂ. ಹೂವು ಹೆಚ್ಚಾದರೆ ಚಹದ ಗುಣವು ಅಳಿಯುವುದು, ಕಡಿಮೆಯಾದರೆ ಪರಿಮಳವು ಸಾಲದು ಎಂದೂ ಎಚ್ಚರಿಸಿದೆ.

ಈ ಹೂಗಳಲ್ಲಿ ಕೊನೆಗೆ ಗೆದ್ದುದು ಮಲ್ಲಿಗೆ. ಕನ್ನಡಿಗರಿಗೆ ಇಲ್ಲೊಂದು ಹೆಮ್ಮೆಯ ಸಂಗತಿಯುಂಟು. ಮಲ್ಲಿಗೆಯು ಚೀನಾದ ಹುಟ್ಟುಗಿಡವಲ್ಲ, ಪಶ್ಚಿಮದ ಕಡೆಯಿಂದ ಅಲ್ಲಿಗೆ ಹೋದುದು. ಚೀನೀ ಭಾಷೆಯಲ್ಲಿ ಅದಕ್ಕಿರುವ ‘ಮೋಲಿ’ ಎಂಬ ಹೆಸರು ನಮ್ಮ ‘ಮಲ್ಲಿಕಾ’ ಶಬ್ದದ ರೂಪಾಂತರವೆಂದು ಪಂಡಿತರು ಹೇಳುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫೂಚೌ ನಗರವು ಮಲ್ಲಿಗೆಯ ಚಹದ ದೊಡ್ಡ ಪೇಟೆಯಾಯಿತು. ಕೆಲಸವು ಇಂದಿಗೂ ಸುಮಾರಾಗಿ ಹಿಂದಿನ ಕ್ರಮದಲ್ಲಿಯೇ ನಡೆಯುವುದು. ಮೊಗ್ಗುಗಳನ್ನು ಬಿಸಿಲಿರುವಾಗಲೇ ಕೊಯ್ದು ತಂದು, ಸಂಜೆಗೆ ಅರಳಲು ತೊಡಗಿದೊಡನೆ ಎಲೆಯೊಡನೆ ರಾಶಿಹಾಕುವರು. ರಾಶಿಯು ಕಾವೇರುವುದರಿಂದ ನಡುನಡುವೆ ಅದನ್ನು ಹರಡಿ ಆರಿಸಿ ಮತ್ತೆ ಗುಡ್ಡೆಮಾಡುವರು. ಬೆಳಗಾಗುವ ಹೊತ್ತಿಗೆ ಬಾಡಿದ ಹೂವನ್ನು ಜರಡಿಯಾಡಿ ತೆಗೆದು, ಹೂವಿನ ತೇವವನ್ನು ಹೀರಿದ ಎಲೆಯನ್ನು ಮತ್ತೆ ಒಣಗಿಸುವರು. ಮೇಲು ತರಗತಿಯದಕ್ಕೆ ಐದಾರು ರಾತ್ರಿ, ಹೊಸ ಹೊಸ ಹೂವಿನೊಡನೆ, ಇದೇ ಉಪಚಾರ. ಇಷ್ಟು ಮಾಡಿದ ಮೇಲೆ ಒಳ್ಳೆಯ ಮಲ್ಲಿಗೆಯ ಚಹದಲ್ಲಿ ಹೂವಿನ ಎಸಳು ಕಾಣುವುದೇ ಇಲ್ಲ. ಅಗ್ಗದ ಚಹದಲ್ಲಿ ಮಾತ್ರ ಒಣಗಿದ ಎಸಳುಗಳು ನೋಟಕ್ಕಾಗಿ ಉಳಿದಿರುವುವು. ಇದನ್ನು ಬೆರಕೆಯೆಂದು ಕರೆಯಲು ನಾಲಗೆ ಬಾರದು. ಚಿನ್ನಕ್ಕೆ ಪುಟವಿಟ್ಟಂತೆ ಎಲೆಗೆ ಕೊಟ್ಟ ಸಂಸ್ಕಾರವಿದು.

ಇಂಗ್ಲೆಂಡಿಗೆ ಹೋದ ಚಹದ ಪಾಡು ಬೇರೆ. ಅಲ್ಲಿ ಎಲೆಗೆ ಸುಂಕವು ವಿಪರೀತ, ಬೆಲೆ ದುಬಾರಿ. ಬೆಲೆಯಿದ್ದ ಕಡೆ ಮೋಸವೂ ಬಂದಿತು. 1725ರ ಶಾಸನವೊಂದು ಚಹದಲ್ಲಿ ಕಾಚನ್ನು ಬೆರೆಸಕೂಡದೆಂದು ವಿಧಿಸಿತು. 1731ರ ಶಾಸನವು ಸಕ್ಕರೆಯ ಪಾಕ, ಜೇಡಿಮಣ್ಣು, ಬಣ್ಣದ ಮರದ ಪುಡಿ, ಬೇರೆ ಗಿಡಗಳ ಎಲೆ ಇವುಗಳನ್ನು ಹೆಸರಿಸಿ ನಿಷೇಧಿಸಿತು. 1777ರಲ್ಲಿ ಮತ್ತೊಂದು ಶಾಸನವು ಬೇಕಾಯಿತು. 1784ರಲ್ಲಿ ಸುಂಕವನ್ನು ನೂರಕ್ಕೆ ನೂರಹತ್ತೊಂಬತ್ತರಿಂದ ಹನ್ನೆರಡೂವರೆಗೆ ಇಳಿಸಿದ ಮೇಲೆ ಕಳ್ಳಸಾಗಣೆಯು ತಗ್ಗಿತು. ಬೆರಕೆಯ ಭಯವು ಮಾತ್ರ ಜನರ ಮನಸ್ಸಿನಿಂದ ಹೋಗಲಿಲ್ಲ. ಇಟಲಿಯ ಕಲಾಬ್ರಿಯಾ ಸೀಮೆಯ ಬರ್ಗಮಾಟ್ ಎಂಬ ನಿಂಬೆಯ ಜಾತಿಯ ಹಣ್ಣಿನ ಸಿಪ್ಪೆಯೆಣ್ಣೆಯು ಮೊದಲು ಅಲ್ಲಿಯ ಚಹಕ್ಕೆ ಬಂದುದೂ ಕೀಳು ಎಲೆಯನ್ನು ಮೇಲೆಂದು ಮಾರುವ ತಂತ್ರವಾಗಿ. 1837ರಲ್ಲಿ ಇದೇ ಆಪಾದನೆಯು ನ್ಯಾಯಾಲಯದವರೆಗೂ ಹೋಯಿತು. ಐವತ್ತು ವರ್ಷಗಳು ಕಳೆಯುವಷ್ಟರಲ್ಲಿ ಅದೇ ಎಣ್ಣೆಯ ಚಹಕ್ಕೆ 1830ರಿಂದ 1834ರ ವರೆಗೆ ಪ್ರಧಾನಮಂತ್ರಿಯಾಗಿದ್ದ ಅರ್ಲ್ ಗ್ರೇಯವರ ಹೆಸರು ಅಂಟಿ, ಅದು ಮಾನ್ಯರ ಮೇಜನ್ನು ಏರಿತು. ಚೀನಾದ ಅಧಿಕಾರಿಯೊಬ್ಬನ ಪ್ರಾಣವನ್ನು ಉಳಿಸಿದುದಕ್ಕೆ ಪ್ರತಿಯಾಗಿ ಗ್ರೇಯವರಿಗೆ ಈ ರಹಸ್ಯವು ದೊರೆಯಿತೆಂಬ ಕಥೆಗೆ ಆಧಾರವಿಲ್ಲ. ಆ ಮಹನೀಯರು ಚೀನಾವನ್ನು ಕಂಡವರೇ ಅಲ್ಲ. ಅಪರಾಧವೊಂದು ಆಭರಣವಾಗಲು ಒಂದು ದೊಡ್ಡ ಹೆಸರೂ ಒಂದು ಸಣ್ಣ ಕಥೆಯೂ ಸಾಕಾದುವು.

ಇನ್ನು ನಮ್ಮ ದೇಶದ ಕಡೆಗೆ ಬರಬಹುದು. ಮಸಾಲೆಯ ಚಹವು ಇಪ್ಪತ್ತನೆಯ ಶತಮಾನದ ಬೀದಿಯಂಗಡಿಗಳಲ್ಲಿ ಹುಟ್ಟಿತೆಂದು ಸಾಮಾನ್ಯವಾಗಿ ತಿಳಿಯುವರು. ಆದರೆ 1689ರಲ್ಲಿ ಸೂರತ್ತಿನ ಯಾತ್ರೆಗೆ ಹೊರಟ ಆಂಗ್ಲ ಪಾದ್ರಿ ಓವಿಂಗ್ಟನ್ ಎಂಬವರು 1696ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಬೇರೆಯ ಸಾಕ್ಷ್ಯವನ್ನು ಕೊಟ್ಟಿರುವರು. ಅಲ್ಲಿಯ ಬನಿಯರು ಚಹವನ್ನೂ ಕಾಫಿಯನ್ನೂ ಧಾರಾಳವಾಗಿ ಕುಡಿಯುತ್ತಿದ್ದರಂತೆ. ನೀರಿನಲ್ಲಿ ಬಿಸಿಯಾದ ಸಂಬಾರಗಳನ್ನು ಸೇರಿಸಿ ಕುದಿಸಿದ ಚಹವು ತಲೆನೋವಿಗೂ ಹೊಟ್ಟೆನುಲಿತಕ್ಕೂ ಮದ್ದೆಂದು ಹೆಸರಾಗಿತ್ತಂತೆ. ಅದನ್ನು ಕಲ್ಲುಸಕ್ಕರೆಯೊಡನೆಯೂ, ರಸಿಕರಾದವರು ಪಾಕಕ್ಕೆ ಹಾಕಿದ ನಿಂಬೆಯ ಕಾಯಿಯೊಡನೆಯೂ ಸೇವಿಸುತ್ತಿದ್ದರಂತೆ. ಅಸ್ಸಾಮಿನ ಚಹವು ಮೊದಲು ಲಂಡನ್ನಿನ ಹರಾಜಿಗೆ ಹೋದುದು 1839ರಲ್ಲಿ. ಅದಕ್ಕೆ ನೂರೈವತ್ತು ವರ್ಷಗಳ ಹಿಂದೆಯೇ, ಎಲೆಯು ಹಡಗಿನಲ್ಲಿ ಚೀನಾದಿಂದ ಬರುತ್ತಿದ್ದಾಗಲೇ, ಭಾರತೀಯನು ಅದಕ್ಕೆ ಸಂಬಾರವನ್ನು ಕೂಡಿಸಿದ್ದನು. ಇದರಲ್ಲಿ ಆಶ್ಚರ್ಯಪಡತಕ್ಕುದಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿಗಳನ್ನು ಹುರಿದು ಪುಡಿಮಾಡಿ, ಬೆಲ್ಲ ಹಾಲುಗಳೊಡನೆ ಕುದಿಸುವ ಕಷಾಯವು ಮಲೆನಾಡಿನ ಮನೆಗಳಲ್ಲಿ ಇಂದಿಗೂ ಉಂಟು. ಇಂಥ ಕಷಾಯವನ್ನು ಬಲ್ಲವರಿಗೆ ಚಹದ ಎಲೆಯು ಅದಕ್ಕೆ ಸೇರಿದ ಮತ್ತೊಂದು ಮೂಲಿಕೆಯಾಗಿ ಕಂಡಿರಬೇಕು. ಚಹಕ್ಕೆ ಮಸಾಲೆ ಬಿದ್ದಿತೆನ್ನುವುದಕ್ಕಿಂತ ಕಷಾಯಕ್ಕೆ ಚಹ ಬಿದ್ದಿತೆನ್ನುವುದೇ ಸರಿಯಾದೀತು. ಕಾಶ್ಮೀರದ ಕಹವಾ ಇದರ ದಾಯಾದಿ. ಹಸುರು ಚಹ, ಕೇಸರಿ, ಏಲಕ್ಕಿ, ದಾಲ್ಚಿನ್ನಿ, ಬಾದಾಮಿ ಕೂಡಿ ಅದು ಪಾಯಸದ ನೆರೆಮನೆಗೆ ಬಂದು ನಿಂತಿದೆ.

1903ರ ಶಾಸನದಂತೆ ರಫ್ತಾಗುವ ಚಹದ ಮೇಲೆ ಸಣ್ಣ ಕರವನ್ನು ಹಾಕಿ, ಆ ಹಣದಿಂದ ಚಹದ ಪ್ರಚಾರವನ್ನು ನಡೆಸಿದರು. ರೈಲ್ವೆ ನಿಲ್ದಾಣಗಳಲ್ಲಿ, ಗಿರಣಿಗಳ ಬಾಗಿಲಲ್ಲಿ, ಜಾತ್ರೆಗಳಲ್ಲಿ ಪ್ರಚಾರಕರು ಚಹವನ್ನು ಕುಡಿಸಿದರು. ದೇಶಭಾಷೆಗಳಲ್ಲಿ ಬಣ್ಣದ ಫಲಕಗಳನ್ನು ತೂಗುಹಾಕಿ ತಯಾರಿಸುವ ಕ್ರಮವನ್ನು ಕಲಿಸಿದರು. ಎಲೆಯನ್ನು ಅಳೆದು ಹಾಕಿರಿ, ಹೊಸದಾಗಿ ಕುದಿದ ನೀರನ್ನು ಹೊಯ್ಯಿರಿ, ಕೆಲವು ನಿಮಿಷ ಮುಚ್ಚಿಡಿರಿ, ಆಮೇಲೆ ಹಾಲು ಸಕ್ಕರೆ ಎಂಬುದು ಪಾಠದ ಸಾರ. ಮಾರುವವನು ಈ ಪಾಠವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹಾಲಿನೊಡನೆಯೇ ಎಲೆಯನ್ನು ಕುದಿಸಿ, ಸಕ್ಕರೆಯನ್ನು ಧಾರಾಳವಾಗಿ ಸುರಿದು, ಶುಂಠಿಯನ್ನು ಜಜ್ಜಿಹಾಕಿದನು. ಪ್ರಚಾರಕರಿಗೆ ಇದು ಅಸಮಾಧಾನವನ್ನು ತಂದಿತು; ಹಾಲು, ಸಕ್ಕರೆ, ಸಂಬಾರಗಳು ಹೆಚ್ಚಿದಷ್ಟೂ ಎಲೆಯು ಕಡಿಮೆ ಸಾಕಾಗುವುದು. ರುಚಿಯ ಹೆಸರಿನಲ್ಲಿ ಎತ್ತಿದ ಆಕ್ಷೇಪಣೆಯ ಬುಡದಲ್ಲಿ ಮಾರಾಟದ ಲೆಕ್ಕವೂ ಇತ್ತೆಂದರೆ ತಪ್ಪಾಗದು. ಅತ್ತ ಬೀದಿಯವನ ಲೆಕ್ಕವೂ ಅಷ್ಟೇ ನಿಜವಾದುದು. ಬೆಲೆ ಹೆಚ್ಚಿನ ಎಲೆಯನ್ನು ಮಿತವಾಗಿ ಬಳಸಿ ಕೂಲಿಗಾರನ ಕೈಗೆಟುಕುವ ದರದಲ್ಲಿ ಬಿಸಿಯೂ ಸಿಹಿಯೂ ಘಾಟೂ ಉಳ್ಳ ಒಂದು ಲೋಟವನ್ನು ಅವನು ಕೊಟ್ಟನು. 1930ರ ಸುಮಾರಿನಲ್ಲಿ ಅಸ್ಸಾಮಿನಲ್ಲಿ ಎಲೆಯನ್ನು ಹರಿದು ಹಿಸುಕಿ ಹರಳುಮಾಡುವ ಸೀ.ಟೀ.ಸೀ. ಯಂತ್ರವು ಹುಟ್ಟಿತು. ಬೇಗನೆ ಬಣ್ಣಬಿಡುವ ಆ ಕಡುಚಹವು ಮುಂದೆ ಅಗ್ಗವಾಗಿ ಹರಡಿದ ಮೇಲೆ ಹಾಲು ಮಸಾಲೆಗಳಿಗೆ ಅದಕ್ಕಿಂತ ತಕ್ಕ ಜೊತೆಯು ಇಲ್ಲವಾಯಿತು.

ಈಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳ ಅಂಗಡಿಗಳಲ್ಲಿ ಮತ್ತೊಂದು ಬಗೆಯು ಬಂದಿದೆ. ಕೇಕು, ಚಾಕೊಲೇಟು, ಸುಟ್ಟ ಸಕ್ಕರೆ, ವೆನಿಲಾ ಮುಂತಾದ ಭಕ್ಷ್ಯಗಳ ವಾಸನೆಯನ್ನು ಎಲೆಗೆ ಹತ್ತಿಸಿದ ಚಹ ಅದು. ಇದರ ಬೇರು ಜರ್ಮನಿಯ ರಸಾಯನಶಾಲೆಯಲ್ಲಿದೆ. 1874ರಲ್ಲಿ ಟೀಮನ್, ಹಾರ್ಮನ್ ಎಂಬ ಇಬ್ಬರು ವೆನಿಲಾದ ಸಾರವನ್ನು ಕೃತಕವಾಗಿ ತಯಾರಿಸಿದ ಮೇಲೆ ಪರಿಮಳವು ಹೂ ಕಾಯಿಗಳ ಹಂಗಿಲ್ಲದೆ ಸೀಸೆಯಲ್ಲಿ ದೊರೆಯುವಂತಾಯಿತು. ಇಂಥ ಚಹದಲ್ಲಿ ಸಕ್ಕರೆಯಿಲ್ಲದಿದ್ದರೂ ಸಿಹಿಯೆಂಬ ಭ್ರಾಂತಿಯು ಹುಟ್ಟುವುದು. ನಾಲಗೆಯು ಅರಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮೊದಲಾದ ಕೆಲವನ್ನು ಮಾತ್ರ. ಏಲಕ್ಕಿಯನ್ನೂ ವೆನಿಲಾವನ್ನೂ ಅರಿಯುವುದು ಗಂಟಲ ಹಿಂದಿನಿಂದ ಮೂಗಿಗೇರುವ ಆವಿ. ಸಿಹಿತಿಂಡಿಗಳೊಡನೆ ಆ ವಾಸನೆಯನ್ನು ಉಂಡು ಬೆಳೆದ ಮನಸ್ಸು ವಾಸನೆಯೊಂದರಿಂದಲೇ ಸಿಹಿಯನ್ನು ಊಹಿಸಿಕೊಳ್ಳುವುದು. ಚಹವನ್ನು ಪರೀಕ್ಷಿಸುವ ವೃತ್ತಿಯವರು ಚಮಚದಿಂದ ಸದ್ದುಮಾಡಿ ಸೊರ್ರೆಂದು ಹೀರುವುದೂ ಇದಕ್ಕೇ. ರಸವು ಗಾಳಿಯೊಡನೆ ಚದುರಿ ಆವಿಯು ಮೂಗನ್ನು ಮುಟ್ಟಬೇಕು.

ಪರೀಕ್ಷೆಗಾಗಿ 1980ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಸಂಸ್ಥೆಯು ಕಟ್ಟಿಕೊಟ್ಟ ಕ್ರಮದಂತೆ ನೂರು ಮಿಲಿಲೀಟರ್ ನೀರಿಗೆ ಎರಡು ಗ್ರಾಂ ಎಲೆ, ಆರು ನಿಮಿಷದ ಕಾಲ. ಸುಗಂಧದ ಚಹವನ್ನು ಅರಿಯಬೇಕಾದರೆ ಅದೇ ಎಲೆಗೆ ಇನ್ನೊಮ್ಮೆ ನೀರು ಹೊಯ್ದು ನೋಡುವುದು ಒಳ್ಳೆಯದು. ಮೇಲೆ ಸಿಂಪಡಿಸಿದ ಎಣ್ಣೆಯು ಮೊದಲ ನೀರಿನಲ್ಲಿಯೇ ಬಹುಮಟ್ಟಿಗೆ ಇಳಿದುಹೋಗುವುದು. ರಾತ್ರಿ ರಾತ್ರಿ ಹೂವಿನೊಡನೆ ಮಲಗಿದ ಎಲೆಯಲ್ಲಿ ಎರಡನೆಯ ಬಟ್ಟಲಿಗೂ ಮಲ್ಲಿಗೆಯು ಉಳಿದಿರುವುದು. ಬೀದಿಯ ಮೂಲೆಯ ಅಂಗಡಿಯವನಿಗಾದರೋ ಈ ಪರೀಕ್ಷೆಯು ಹೊಸದಲ್ಲ. ಅವನ ಪಾತ್ರೆಯಲ್ಲಿ ಬೆಳಗಿನ ಎಲೆಯೇ ಎರಡನೆಯ ಸಲವೂ ಕುದಿಯುವುದುಂಟು. ಗಿರಾಕಿ ಬಂದಾಗ ಮೇಲೊಂದು ಚಿಟಿಕೆ ಹೊಸ ಪುಡಿಯನ್ನು ಉದುರಿಸಿ, ಒಂದು ತುಂಡು ಶುಂಠಿಯನ್ನು ಜಜ್ಜಿ ಹಾಕುವನು.