ಸುತ್ತಮುತ್ತ ಏನಿದೆ? ಜೇಜುರಿಯ ಮೆಟ್ಟಿಲಿನಿಂದ ಒಂದು ಶಾಲಾ ಚರಿತ್ರೆ

ಇವತ್ತಿನ ಮಾತನ್ನ ಒಂದು ಕೂಗಿನಿಂದ ಶುರು ಮಾಡೋಣ.

ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲೂಕಿನಲ್ಲಿ ಜೇಜುರಿ ಇದೆ. ಬೆಟ್ಟದ ಮೇಲೆ ಖಂಡೋಬನ ಗುಡಿ. ಭಂಡಾರ ಎರಚಿ ಎರಚಿ ಮೆಟ್ಟಿಲು, ಕಂಬ, ದೀಪಮಾಲೆ ಎಲ್ಲ ಹಳದಿ. ಹತ್ತುವ ಜನ ಕೂಗೋದು ಏನು ಗೊತ್ತಾ? ಯೇಳ್‌ಕೋಟ್, ಯೇಳ್‌ಕೋಟ್, ಜಯ ಮಲ್ಹಾರ್! ಮರಾಠಿ ಊರಿನ ಮರಾಠಿ ಭಕ್ತರ ಬಾಯಲ್ಲಿ ಬರುವ ಈ ಯೇಳ್‌ಕೋಟ್ ನಮ್ಮ ಏಳುಕೋಟಿಯೇ. ಹೂವಿನ ಹಡಗಲಿ ತಾಲೂಕಿನ ಮೈಲಾರದಲ್ಲಿ, ಹಾವೇರಿ ಕಡೆಯ ದೇವರಗುಡ್ಡದಲ್ಲಿ ಗೊರವಪ್ಪಗಳು ಕೂಗೋದೂ ಇದನ್ನೇ. ಅಲ್ಲಿ ಖಂಡೋಬ, ಇಲ್ಲಿ ಮೈಲಾರಲಿಂಗ.

ಈಗ ಜೇಜುರಿಯ ಶಾಲೆಯೊಂದರಲ್ಲಿ ಮೂರನೇ ಕ್ಲಾಸಿನ ಮಗುವಿಗೆ ಒಂದು ಹಾಳೆ ಕೊಟ್ಟು, ‘ನಿನ್ನ ಸುತ್ತಮುತ್ತ ಏನಿದೆ, ಬರಿ’ ಅಂದ್ವಿ ಅಂದ್ಕೊಳ್ಳಿ. ಅದೇ ಹಾಳೆಯನ್ನ ಡಿ.ಎಡ್. ಓದ್ತಿರೋ ಒಬ್ಬ ತರುಣನಿಗೂ ಕೊಟ್ವಿ ಅಂದ್ಕೊಳ್ಳಿ. ಇಬ್ಬರ ಕಣ್ಣ ಮುಂದೆ ಇರೋದು ಅದೇ ಬೆಟ್ಟ, ಅದೇ ಕರ್ಹಾ ನದಿ, ಅದೇ ಪೇಟೆ. ಆದರೆ ತರಬೇತಿ ಪಡೆಯುವವನ ಹಾಳೆಯಲ್ಲಿ ಪಠ್ಯಪುಸ್ತಕದ ಪರಿಸರ ಬರುವ ಸಾಧ್ಯತೆಯೇ ಹೆಚ್ಚು: ಮರ, ಸೂರ್ಯ, ನದಿ, ಎರಡು ಹಕ್ಕಿ. ಮಗುವಿನ ಹಾಳೆಯಲ್ಲಿ ನೀರಿನ ಟ್ಯಾಂಕರ್ ಬರಬಹುದು, ಭಂಡಾರ ಮಾರುವ ಅಜ್ಜಿ ಬರಬಹುದು. ಈ ಎರಡು ಚಿತ್ರಗಳ ನಡುವೆ ಇರುವ ಅಂತರಕ್ಕೆ ಒಂದು ಚರಿತ್ರೆ ಇದೆ. ಅದು ಶುರುವಾಗೋದೂ ಪುಣೆಯ ಸೀಮೆಯಲ್ಲೇ.

ಹಾಗೆ ನೋಡಿದರೆ, ತನ್ನ ಸುತ್ತಮುತ್ತಲನ್ನ ಕಂಡ ಹಾಗೆ ಬರೆದ ಒಂದು ಮಗುವಿನ ಹಾಳೆ ಇವತ್ತಿಗೂ ಉಳಿದಿದೆ. 1848ರಲ್ಲಿ ಜೋತಿಬಾ ಫುಲೆ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅಲ್ಲಿ ಪಾಠ ಹೇಳಿದ ಸಾವಿತ್ರಿಬಾಯಿ, ಇವತ್ತಿನ ಮಾತಿನಲ್ಲಿ ಹೇಳೋದಾದರೆ, ಓದು ಕಲಿತು, ಕಲಿಸೋದನ್ನೂ ಕಲಿತು ಬಂದ ಶಿಕ್ಷಕಿ. ಆಮೇಲೆ ಮಹಾರ್ ಮತ್ತು ಮಾಂಗ್ ಮಕ್ಕಳಿಗೂ ಶಾಲೆಗಳು ಬಂದವು. ಫುಲೆಯವರ ಶಾಲೆಯಲ್ಲಿ ಓದಿದ ಮಾಂಗ್ ಸಮುದಾಯದ ಹುಡುಗಿ ಮುಕ್ತಾಬಾಯಿ. ಇವಳು ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯ್ತು. ವಿಷಯ: ಮಾಂಗ್ ಮತ್ತು ಮಹಾರರ ದುಃಖ.

ಅದರಲ್ಲಿ ಏನಿದೆ? ಹೂವು, ಹಕ್ಕಿ ಇಲ್ಲ. ವೇದ ಬ್ರಾಹ್ಮಣರದ್ದು ಮಾತ್ರ ಅನ್ನೋದಾದರೆ ನಮ್ಮ ಧರ್ಮ ಯಾವುದು ಅಂತ ಕೇಳ್ತಾಳೆ. ತನ್ನ ಜನರನ್ನ ದೊಡ್ಡವರ ಕಟ್ಟಡಗಳ ಪಾಯದಲ್ಲಿ ಹೂಳ್ತಿದ್ದದ್ದನ್ನ ಬರೀತಾಳೆ. ಪೇಶ್ವೆ ಕಾಲದಲ್ಲಿ ತಾಲೀಮುಖಾನೆಯ ಮುಂದೆ ತನ್ನವರು ಯಾರಾದರೂ ಹಾದುಹೋದರೆ, ತಲೆ ಕಡಿದು ಅದನ್ನೇ ಚೆಂಡು ಮಾಡಿ ಆಡ್ತಿದ್ದರು ಅಂತ ಬರೀತಾಳೆ. ಹೆರಿಗೆಯ ಹೊತ್ತಿನಲ್ಲಿ ತಲೆ ಮೇಲೆ ಸೂರಿಲ್ಲದೆ ಮಳೆಯಲ್ಲಿ, ಚಳಿಯಲ್ಲಿ ನರಳುವ ಹೆಂಗಸರ ಬಗ್ಗೆ ಬರೀತಾಳೆ. ಕೊನೆಗೆ, ಈ ರೋಗಕ್ಕೆ ವಿದ್ಯೆಯೇ ಮದ್ದು ಅಂತ ತನ್ನವರಿಗೆ ಹೇಳ್ತಾಳೆ.

ಶಾಲೆಯಲ್ಲಿ ಕೆಲವೇ ವರ್ಷ ಓದಿದ ಹುಡುಗಿ ಇದನ್ನ ಹೇಗೆ ಬರೆದಳು? ಬುದ್ಧಿವಂತೆ, ಸರಿ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ‘ನಿನಗೆ ಕಂಡದ್ದು ಪಾಠವಾಗಬಹುದು’ ಅಂತ ನಂಬಿದ ಶಿಕ್ಷಕರು ಅವಳಿಗೆ ಸಿಕ್ಕಿದ್ದರು. ಶಾಲೆ ಸಿಕ್ಕ ಮಕ್ಕಳು ಆಗಲೂ ಇದ್ದರು. ಇಂಥ ಶಿಕ್ಷಕರು ಸಿಕ್ಕಿದ್ದು ಎಷ್ಟು ಮಕ್ಕಳಿಗೆ?

ಫುಲೆ ಈ ಪ್ರಶ್ನೆಯನ್ನ ಬಿಡಲಿಲ್ಲ. 1882ರಲ್ಲಿ ಹಂಟರ್ ನೇತೃತ್ವದ ಶಿಕ್ಷಣ ಆಯೋಗಕ್ಕೆ ಮನವಿ ಕೊಟ್ಟಾಗ ಶಿಕ್ಷಕರ ವಿಷಯವನ್ನ ನೇರವಾಗಿ ಎತ್ತಿದರು. ಪ್ರಾಥಮಿಕ ಶಾಲೆಯ ಶಿಕ್ಷಕರು ಹೆಚ್ಚಿನವರು ಬ್ರಾಹ್ಮಣರು, ಅವರು ರೈತಾಪಿ ಮಕ್ಕಳ ಜತೆ ಬೆರೆಯೋದಿಲ್ಲ ಅನ್ನೋದು ಅವರ ದೂರು. ಶಿಕ್ಷಕ ತರಬೇತಿ ಪಡೆದವನಾಗಿರಬೇಕು, ಸಾಧ್ಯವಾದಷ್ಟೂ ರೈತಾಪಿ ವರ್ಗದಿಂದಲೇ ಬರಬೇಕು. ಬೇಕಾದಾಗ ನೇಗಿಲ ಹಿಡಿ ಹಿಡಿಯಬಲ್ಲ, ಬಡಗಿಯ ಬಾಚಿ ಹಿಡಿಯಬಲ್ಲ ಮನುಷ್ಯನಾಗಿರಬೇಕು ಅಂದರು. ಪಾಠಪಟ್ಟಿಯಲ್ಲಿ ಓದು, ಬರಹ, ಲೆಕ್ಕ, ಚರಿತ್ರೆ, ಭೂಗೋಳದ ಜತೆ ಬೇಸಾಯ ಮತ್ತು ಆರೋಗ್ಯದ ಪ್ರಾಥಮಿಕ ತಿಳಿವಳಿಕೆಯನ್ನೂ ಕೇಳಿದರು.

ಇದನ್ನ ಸಂಬಳ, ನೇಮಕಾತಿಯ ಬೇಡಿಕೆ ಅಂತಷ್ಟೇ ಓದಬೇಡಿ. ನೇಗಿಲು ಮುಟ್ಟದವನಿಗೆ ಹೊಲ ಅಂದರೆ ಒಂದು ಪದ. ಮುಟ್ಟಿದವನಿಗೆ ಅದು ಮಣ್ಣು, ಸಾಲ, ಮಳೆ, ಜಗಳ ಎಲ್ಲಾನೂ. ಶಿಕ್ಷಕನ ತಲೆಯಲ್ಲಿರುವ ಚಿತ್ರ ಬದಲಾಗದೆ ಮಗುವಿನ ಚಿತ್ರಕ್ಕೆ ಶಾಲೆಯಲ್ಲಿ ಜಾಗ ಸಿಗೋದಿಲ್ಲ ಅಂತ ಫುಲೆಗೆ ಗೊತ್ತಿತ್ತು.

ಇದೆಲ್ಲ ಮರಾಠಿ ಸೀಮೆಯ ಮಾತು, ನಮಗೇನು ಅಂತೀರಾ? ಆಗ ಪುಣೆ, ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಒಂದೇ ಮುಂಬಯಿ ಪ್ರಾಂತ, ಒಂದೇ ಶಿಕ್ಷಣ ಇಲಾಖೆ. 1818ರಲ್ಲಿ ಪೇಶ್ವೆ ರಾಜ್ಯ ಬಿದ್ದ ಮೇಲೆ ಕನ್ನಡ ಮಾತಾಡುವ ಧಾರವಾಡ ಸೀಮೆಯನ್ನ ಬ್ರಿಟಿಷರು ಕರೆದದ್ದು ದಕ್ಷಿಣ ಮರಾಠಾ ಪ್ರಾಂತ ಅಂತ! ಶಾಲೆಗಳಲ್ಲೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ‘ಹೊಲ’ ಅಂತ ಕಲಿತ ಮಗು ಶಾಲೆಗೆ ಬಂದು ‘ಶೇತ’ ಅಂತ ಓದಬೇಕು. ನಕಾಶೆಯಲ್ಲಿ ತನ್ನ ಊರು ಇನ್ನೊಬ್ಬರ ನಾಡಿನ ದಕ್ಷಿಣದ ತುದಿ. ಅಧಿಕಾರಿ ರಸೆಲ್, ಡೆಪ್ಯುಟಿ ಚನ್ನಬಸಪ್ಪ ಇವರೆಲ್ಲ ಕನ್ನಡ ಶಾಲೆ, ಕನ್ನಡ ಪಠ್ಯ, ಕನ್ನಡ ಶಿಕ್ಷಕರಿಗಾಗಿ ದುಡಿದದ್ದು ಇದೇ ಸ್ಥಿತಿಯಲ್ಲಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ನಮ್ಮ ಕಾಲ ಕೆಳಗಿನ ನೆಲದ ಹೆಸರು ನಮಗೇ ಗೊತ್ತಿಲ್ಲವಲ್ಲ ಅನ್ನೋ ಸಂಕಟ ಇದರ ಹಿಂದಿತ್ತು.

ಅಂದರೆ ಎರಡು ಕಡೆ ಎರಡು ಬಗೆಯ ಮರೆವು. ಧಾರವಾಡದ ಮಗುವಿಗೆ ತನ್ನ ನಾಡಿನ ಹೆಸರು ಪಾಠದಲ್ಲಿ ಸಿಗಲಿಲ್ಲ. ಮುಕ್ತಾಬಾಯಿಯಂಥ ಮಗುವಿಗೆ ತನ್ನ ಕೇರಿ ಪಾಠದಲ್ಲಿ ಸಿಗಲಿಲ್ಲ. ಮೊದಲನೇದನ್ನ ನಾವು ಹೋರಾಡಿ ಸರಿಮಾಡಿಕೊಂಡ್ವಿ. ಎರಡನೇದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಅದು ನಮ್ಮ ಕಡೆಯ ಶಾಲೆಗಳಿಗೂ ಸೇರಿದ ಲೆಕ್ಕ.

ಈಗ ಜೇಜುರಿಗೆ ವಾಪಸ್ ಹೋಗೋಣ. ಫುಲೆಯವರ ಮನೆತನ ಪುಣೆಗೆ ಬರೋ ಮೊದಲು ಇದ್ದದ್ದು ಇದೇ ಪುರಂದರ ತಾಲೂಕಿನ ಖಾನವಡಿಯಲ್ಲಿ. ‘ಗುಲಾಮಗಿರಿ’ (1873) ಪುಸ್ತಕದಲ್ಲಿ ಅವರು ಖಂಡೋಬನ ಕಥೆಯನ್ನೇ ಬೇರೆ ಥರ ಹೇಳ್ತಾರೆ. ಬಲಿರಾಜನ ರಾಜ್ಯದಲ್ಲಿ ಒಂಬತ್ತು ಖಂಡಗಳು, ಒಂದೊಂದು ಖಂಡದ ಅಧಿಕಾರಿಯೂ ಒಬ್ಬ ಖಂಡೋಬ, ಜೇಜುರಿಯವನು ಅವರಲ್ಲಿ ಒಬ್ಬ ಅಂತ. ಚರಿತ್ರೆಯಾಗಿ ಇದನ್ನ ಒಪ್ಪಬೇಕಾಗಿಲ್ಲ. ಆದರೆ ಅವರು ಏನು ಮಾಡ್ತಿದ್ದಾರೆ ನೋಡಿ. ಬೆಟ್ಟದ ಕೆಳಗೆ ಬೆಳೆದ ಮಗು ದಿನಾ ನೋಡುವ ದೇವರನ್ನೇ ಹಿಡಿದುಕೊಂಡು, ರೈತರದ್ದೇ ಆದ ಒಂದು ನಕಾಶೆ ಬರೀತಿದ್ದಾರೆ. ಗೊತ್ತಿರೋದರಿಂದ ಗೊತ್ತಿಲ್ಲದ್ದಕ್ಕೆ ಅಂತ ತರಬೇತಿ ಕಾಲೇಜಿನಲ್ಲಿ ಹೇಳಿಕೊಡ್ತಾರಲ್ಲ, ಅದೇ ಇದು!

ಆ ಬೆಟ್ಟದ ಕೆಳಗೆ ಇನ್ನೊಂದು ದೃಶ್ಯವೂ ಇತ್ತು. ಹರಕೆಯ ಹೆಸರಲ್ಲಿ ಹೆಣ್ಣುಮಕ್ಕಳನ್ನ ಖಂಡೋಬನಿಗೆ ಮುರಳಿಯಾಗಿ ಬಿಡ್ತಿದ್ದರು. 20ನೇ ಶತಮಾನದ ಮೊದಲ ದಶಕದಲ್ಲಿ ಇದರ ವಿರುದ್ಧ ದನಿ ಎತ್ತಿದವರಲ್ಲಿ ವಿಠ್ಠಲ ರಾಮಜಿ ಶಿಂದೆ ಒಬ್ಬರು. ಹುಟ್ಟಿದ್ದು 1873ರಲ್ಲಿ, ನಮ್ಮ ಜಮಖಂಡಿಯಲ್ಲಿ. 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಶಾಲೆಗಳನ್ನ ನಡೆಸಿದವರು. ಮುಂದೆ 1934ರಲ್ಲಿ ಮುಂಬಯಿ ಪ್ರಾಂತದಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಯೋಚನೆ ಮಾಡಿ: ಅಕ್ಕನನ್ನ ಮುರಳಿ ಬಿಟ್ಟ ಮನೆಯ ತಂಗಿ ಶಾಲೆಗೆ ಬಂದು ಸುತ್ತಮುತ್ತಲ ಚಿತ್ರ ಬರೆದರೆ, ಅದರಲ್ಲಿ ಅಕ್ಕ ಇರಬೇಕಾ ಬೇಡವಾ? ಮೇಷ್ಟ್ರು ಅದನ್ನ ನೋಡಿ ಏನು ಹೇಳಬೇಕು?

ಮಕ್ಕಳ ತಲೆ ಖಾಲಿ ಪಾಟಿ ಅಲ್ಲ ಅನ್ನೋದನ್ನ ಸಂಶೋಧಕರೂ ತೋರಿಸಿದ್ದಾರೆ. ಸಮರಪುಂಗವನ್, ವೊಸ್ನಿಯಾಡು, ಬ್ರೂವರ್ ಈ ಮೂವರು ಹೈದರಾಬಾದಿನ ಚಿಕ್ಕ ಮಕ್ಕಳನ್ನ ಭೂಮಿಯ ಬಗ್ಗೆ ಮಾತಾಡಿಸಿ, 1996ರಲ್ಲಿ ಆ ಅಧ್ಯಯನ ಪ್ರಕಟಿಸಿದರು. ಹಲವು ಮಕ್ಕಳ ಕಲ್ಪನೆಯಲ್ಲಿ ಭೂಮಿ ನೀರಿನ ಮೇಲೆ ನಿಂತಿತ್ತು. ಅಜ್ಜಿ ಹೇಳಿದ ಕಥೆ, ಕಣ್ಣಿಗೆ ಕಂಡದ್ದು, ಶಾಲೆಯಲ್ಲಿ ಕೇಳಿದ್ದು, ಮೂರನ್ನೂ ಕೂಡಿಸಿ ಮಗು ತನ್ನದೇ ಒಂದು ಜಗತ್ತು ಕಟ್ಟಿಕೊಳ್ಳುತ್ತೆ. ‘ತಪ್ಪು’ ಅಂತ ಕೆಂಪು ಗೆರೆ ಎಳೆದರೆ ಆ ಜಗತ್ತು ಅಳಿಸಿಹೋಗಲ್ಲ, ಒಳಗೆ ಅಡಗಿ ಕೂತ್ಕೊಳ್ಳುತ್ತೆ. ಅದನ್ನ ಮೊದಲು ಕೇಳಬೇಕು, ಆಮೇಲೆ ತಿದ್ದಬೇಕು. ಅಷ್ಟೇ ಅಲ್ಲ, ಕೆಲವು ಸಲ ತಿದ್ದಬೇಕಾದ್ದು ನಮ್ಮ ಚಿತ್ರವೇ ಇರಬಹುದು. ಮುಕ್ತಾಬಾಯಿಯ ಪ್ರಬಂಧದಲ್ಲಿ ಕೆಂಪು ಗೆರೆ ಎಳೆಯೋಕೆ ಏನಿತ್ತು ಹೇಳಿ?

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮೊದಲ ಸೂತ್ರವಾಗಿ ಹೇಳಿದ್ದು, ಜ್ಞಾನವನ್ನ ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಅಂತ. ಫುಲೆ ಮನವಿ ಕೊಟ್ಟು ಆಗಲೇ 123 ವರ್ಷ ಕಳೆದಿತ್ತು. ಪುಸ್ತಕಗಳು ಒಂದಿಷ್ಟು ಬದಲಾದವು, ನಿಜ. ಆದರೆ ಪುಸ್ತಕ ಹಿಡಿದು ನಿಲ್ಲೋದು ಶಿಕ್ಷಕ. ಅವನ ಕಣ್ಣು ಬದಲಾಗದೆ ‘ನಮ್ಮ ಪರಿಸರ’ ಪಾಠ ಮತ್ತೆ ಎರಡು ಹಕ್ಕಿ, ಒಂದು ಸೂರ್ಯನಿಗೇ ಬಂದು ನಿಲ್ಲುತ್ತೆ.

ಈ ಮಾತುಗಳನ್ನ ಕೇಳುವವರಲ್ಲಿ ಡಿ.ಎಡ್., ಬಿ.ಎಡ್. ಓದುವವರು ಇದ್ದೀರಿ ಅಂತ ಗೊತ್ತು. ನಿಮಗೊಂದು ಸಣ್ಣ ಕೆಲಸ. ನೀವು ಪಾಠ ಹೇಳೋಕೆ ಹೋಗುವ ಊರಿನ ಚಿತ್ರವನ್ನ ಮೊದಲು ನೀವೇ ಬರೆದು ಮಡಚಿ ಇಟ್ಟುಕೊಳ್ಳಿ. ಆಮೇಲೆ ಮಕ್ಕಳ ಕೈಲಿ ಬರೆಸಿ. ಎರಡನ್ನೂ ಪಕ್ಕದಲ್ಲಿಟ್ಟು ಮಕ್ಕಳು ಬರೆದು ನೀವು ಬರೆಯದೆ ಬಿಟ್ಟದ್ದೇನು ಅಂತ ಪಟ್ಟಿ ಮಾಡಿ. ನೀರು ತರುವ ದಾರಿ, ಯಾವ ಕೇರಿಗೆ ಯಾರು ಹೋಗಲ್ಲ ಅನ್ನೋದು, ದುಡಿಯೋಕೆ ಹೋದ ಅಪ್ಪ. ಆ ಪಟ್ಟಿಯೇ ನಿಮ್ಮ ಮೊದಲ ಪಾಠಪುಸ್ತಕ.

ಏಳುಕೋಟಿ ಅಂತ ಕೂಗುವ ಜೇಜುರಿಯ ಮಗುವಿಗೆ ಆ ಪದ ಎಲ್ಲಿಂದ ನಡೆದು ಬಂತು ಅಂತ ಹೇಳುವ ಮೇಷ್ಟ್ರು ಸಿಗಲಿ. ಆ ಮಗು ಹೇಳೋದನ್ನ ಕೂತು ಕೇಳುವ ಮೇಷ್ಟ್ರೂ ಸಿಗಲಿ.