ಅರಗಿನಿಂದ ಬೇಕಲೈಟಿಗೆ

ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆ ಎಲ್ಲರಿಗೂ ಗೊತ್ತು. ಆ ಅರಗೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಮುತ್ತುಗ, ಎಲಚಿಯಂಥ ಮರಗಳ ರೆಂಬೆಗೆ ಅಂಟಿ ರಸ ಹೀರುವ ಪುಟ್ಟ ಕೀಟ ಅದನ್ನು ಸ್ರವಿಸುತ್ತದೆ. ಬಿಸಿ ತಾಗಿದರೆ ಮೆದು, ಆರಿದರೆ ಗಟ್ಟಿ. ಚನ್ನಪಟ್ಟಣದಲ್ಲಿ ಗರಗರ ತಿರುಗುವ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೇ ಅದು ಕರಗಿ ಮೈಗೆಲ್ಲ ಹತ್ತಿಕೊಳ್ಳುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿರುವ ಗ್ರಾಮಫೋನ್ ತಟ್ಟೆಯೂ ಅರಗಿನದೇ, ಜೊತೆಗೆ ಕಲ್ಲಿನ ಪುಡಿ. ಕೈಜಾರಿದರೆ ಹೋಳು.

ವಿದ್ಯುತ್ ಬಳಕೆ ಹೆಚ್ಚಿದಂತೆ ಕರೆಂಟು ತಡೆಯಲು ಅರಗು ಸಾಲದಾಯಿತು. ಕೀಟಗಳಿಗೇನು ಅವಸರವೇ? ಬದಲಿ ಹುಡುಕುತ್ತಿದ್ದ ಬೆಲ್ಜಿಯಂ ಮೂಲದ ಲಿಯೋ ಬೇಕಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ಫೀನಾಲ್, ಫಾರ್ಮಾಲ್ಡಿಹೈಡ್‌ಗಳನ್ನು ಒತ್ತಡದಲ್ಲಿ ಕಾಯಿಸಿ ಬೇಕಲೈಟ್ ಪಡೆದರು. ಆಗ ಫೀನಾಲ್ ಬರುತ್ತಿದ್ದುದು ಕಲ್ಲಿದ್ದಲ ಡಾಂಬರಿನಿಂದ. ಇಂದಿನ ಬಹುಪಾಲು ಪ್ಲಾಸ್ಟಿಕ್ಕಿನ ಮೂಲ ಕಚ್ಚಾ ತೈಲ, ನೈಸರ್ಗಿಕ ಅನಿಲ.

ಪಕ್ಕದ ಕಪ್ಪು ಟೆಲಿಫೋನು ಬೇಕಲೈಟಿನದು. ಇದರ ಅಣುಗಳ ಸರಪಳಿಗಳು ಅಡ್ಡಡ್ಡಲಾಗಿ ಬೆಸೆದು ಬಲೆಯಂತಾಗಿವೆ. ಹಾಗಾಗಿ ಎಷ್ಟು ಕಾಯಿಸಿದರೂ ಕರಗದು. ಕೊನೆಗೆ ಕರಕಲಾಗುತ್ತದೆ, ಅಷ್ಟೆ. ಒಮ್ಮೆ ಅಚ್ಚಾದರೆ ಮತ್ತೊಂದು ರೂಪವಿಲ್ಲ. ಮನೆಯ ಬಕೆಟ್ಟು, ಬಿಂದಿಗೆಗಳ ಪಾಲಿಥೀನ್‌ನಲ್ಲಿ ಸರಪಳಿಗಳು ಬಿಡಿಬಿಡಿ. ಅರಗಿನಂತೆ ಕರಗಿಸಿ ಮತ್ತೆ ಅಚ್ಚಿಗೆ ಹಾಕಬಹುದು.

ಫಲಕದ ಕೆಳಗೆ ಕಟ್ಟಿರುವ ಹಳೆಯ ಸ್ವಿಚ್ಚನ್ನು ಮುಟ್ಟಬಹುದು. ಹೆಬ್ಬೆರಳು ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ: ಫೀನಾಲಿನ ಘಾಟು, ಹಳೆಯ ಆಸ್ಪತ್ರೆಯ ವಾಸನೆ.