ಮೊದಲ ಪೆಟ್ಟು ಖಾಲಿ

ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಲೀ ಪೆರ್ರಿ ತನ್ನ ಮನೆಯ ಹಿತ್ತಲಲ್ಲೇ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋ ಕಟ್ಟಿದ್ದು 1973ರಲ್ಲಿ. ಅದೇ ವರ್ಷ ಇಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಎರಡಕ್ಕೂ ನೆಂಟಸ್ತನವಿಲ್ಲ. ಆದರೆ ಅಲ್ಲಿ ಗುಲಾಮರ ಮೊಮ್ಮಕ್ಕಳು, ಇಲ್ಲಿ ಹೊಲೆಮಾದಿಗರ ಮಕ್ಕಳು ತಮ್ಮ ದನಿಗೆ ಜಾಗ ಕೇಳುತ್ತಿದ್ದರು.

ಪೆರ್ರಿಯ ಬಳಿ ಇದ್ದದ್ದು ನಾಲ್ಕೇ ಟ್ರ್ಯಾಕಿನ ಟೇಪು. ಟ್ರ್ಯಾಕು ತುಂಬಿದರೆ ಎರಡನ್ನು ಒಂದಕ್ಕೆ ಬೆರೆಸಿ ಜಾಗ ಮಾಡಿಕೊಳ್ಳೋದು.

ರೆಗೆಯ ‘ಒನ್ ಡ್ರಾಪ್’ ತಾಳದಲ್ಲಿ ನಾಲ್ಕರ ಎಣಿಕೆಯ ಮೊದಲ ಪೆಟ್ಟು ಖಾಲಿ. ಡ್ರಮ್ಮಿನ ಭಾರ ಬೀಳೋದು ಮೂರಕ್ಕೆ. ಗಿಟಾರು ಎರಡಕ್ಕೂ ನಾಲ್ಕಕ್ಕೂ ಚುಟುಕಾಗಿ ಮಿಡಿಯುತ್ತದೆ. ಬಾಬ್ ಮಾರ್ಲಿಯ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಇದನ್ನು ಲೋಕಕ್ಕೆ ಕೇಳಿಸಿದ.

2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ ನಮ್ಮ ಮಹದೇವಪುರದಲ್ಲಿ ಇವತ್ತು ಬಾಡಿಗೆ ಕೋಣೆಯಲ್ಲೇ ರೆಕಾರ್ಡ್ ಮಾಡಬಹುದು. ಲ್ಯಾಪ್‌ಟಾಪು, ಒಂದು ಮೈಕು, ಗೋಡೆಗೆ ಎರಡು ಕಂಬಳಿ ಸಾಕು. ಡ್ರಮ್ಮು, ಬಾಸು ಮೊದಲು ಒಟ್ಟಿಗೆ ನುಡಿಸಬೇಕು. ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ಪ್ರತಿ ಪೆಟ್ಟನ್ನೂ ಗೆರೆಗೆಳೆದು ನೇರ ಮಾಡುತ್ತದೆ. ಅದನ್ನು ಒತ್ತಬಾರದು ಗೆಳೆಯರೇ. ಕೂದಲೆಳೆಯಷ್ಟು ತಡವಾಗಿ ಬೀಳುವ ಪೆಟ್ಟಿನಲ್ಲೇ ರೆಗೆಯ ಉಸಿರಿದೆ. ಖಾಲಿ ಜಾಗ ಖಾಲಿಯೇ ಇರಲಿ.

ನಮ್ಮ ತಮಟೆಯವರಿಗೆ ಈ ಗುಟ್ಟು ಹೊಸದಲ್ಲ. ಬೆಂಕಿಗೆ ಚರ್ಮ ಕಾಯಿಸಿ ನಾದ ಹದ ಮಾಡಿದವರನ್ನು ಊರು ಸಾವಿಗೆ ಕರೆಯಿತು. ತಾಳ ಬಲ್ಲವರು ಅಂತ ಕರೆಯಲಿಲ್ಲ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂದದ್ದು 2023ರಲ್ಲಿ. ಅಷ್ಟರಲ್ಲಿ ಎಷ್ಟು ಕೇರಿಗಳ ಎಷ್ಟು ಕೈಗಳು ದಾಖಲೆಯಿಲ್ಲದೆ ಮಣ್ಣಾದವು!

ಮೈಕು ಈಗ ನಮ್ಮ ಕೈಯಲ್ಲಿದೆ. ಕೇರಿಯ ಹಿರಿಯರ ಪೆಟ್ಟನ್ನು ಹಿಡಿದಿಡೋಣ, ಅದು ಬಿದ್ದ ಹಾಗೇ.